ಹೊಂಡದ ನೀರಿನ ಮಿತಿಯನ್ನು ಎಪಿಐ ಮೂಲಕ ಓದುವುದು ಹೇಗೆ? ಹಂತ ಹಂತವಾಗಿ ಸಮಗ್ರ ಮಾರ್ಗದರ್ಶಿ

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ತೋಟದ ಹೊಂಡಕ್ಕೆ ಸೆನ್ಸರ್ ಹಾಕಿಕೊಂಡವರು ನನ್ನ ಹತ್ತಿರ ಬಂದು ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ. ನೀರಿನ ಮಟ್ಟ ಫೋನಿನಲ್ಲಿ ಕಾಣುತ್ತದೆ. ಆದರೆ ಯಾವ ಮಟ್ಟಕ್ಕೆ ಮೋಟರ್ ನಿಲ್ಲಬೇಕು ಎಂದು ಇಟ್ಟಿರುವ ಮಿತಿಯನ್ನು ಎಪಿಐಯಿಂದ (ಒಂದು ಪ್ರೋಗ್ರಾಂ ಸರ್ವರಿನಿಂದ ನೇರವಾಗಿ ಮಾಹಿತಿ ಕೇಳುವ ದಾರಿ) ತರಿಸಲು ಹೋದರೆ ಖಾಲಿ ಉತ್ತರ ಬರುತ್ತದೆ. ಇಲ್ಲವೇ ಯಾವುದೋ ಹಳೆಯ ಅಂಕಿ ಬರುತ್ತದೆ. ಕೆಲವರಿಗೆ ಸರಿಯಾದ ಅಂಕಿಯೇ ಬರುತ್ತದೆ, ಆದರೂ ಮೋಟರ್ ಆ ಮಾತು ಕೇಳುವುದಿಲ್ಲ.

ಈ ಮೂರನೆಯದು ಅಪಾಯದ್ದು. ಮೊದಲ ಎರಡರಲ್ಲಿ ತಪ್ಪು ಕಣ್ಣಿಗೆ ಕಾಣುತ್ತದೆ. ಮೂರನೆಯದರಲ್ಲಿ ಎಲ್ಲ ಸರಿಯಿದೆ ಅಂತ ನೆಮ್ಮದಿಯಿಂದ ಮಲಗಿರುತ್ತೇವೆ, ಅತ್ತ ಫುಟ್‌ವಾಲ್ವ್ (ಪೈಪಿನ ಕೆಳತುದಿಯಲ್ಲಿ ನೀರು ಎಳೆಯುವ ಕವಾಟ) ಗಾಳಿ ಎಳೆಯುತ್ತಿರುತ್ತದೆ.

ನಾನು ಇಲ್ಲಿ ಥಿಂಗ್ಸ್‌ಬೋರ್ಡ್ ಇಟ್ಟುಕೊಂಡು ಹೇಳುತ್ತೇನೆ. ಅದು ಸೆನ್ಸರುಗಳು ಕಳಿಸುವ ಅಂಕಿಗಳನ್ನು ಕೂಡಿಟ್ಟು ತೋರಿಸುವ ವೇದಿಕೆ. ಓಪನ್ ಸೋರ್ಸ್, ಸಮುದಾಯ ಆವೃತ್ತಿಗೆ ದುಡ್ಡು ಕೊಡಬೇಕಿಲ್ಲ, ಸ್ವಂತ ಕಂಪ್ಯೂಟರಿನಲ್ಲೂ ಹಾಕಿಕೊಳ್ಳಬಹುದು. ಬೇರೆ ವೇದಿಕೆ ಬಳಸುವವರಿಗೆ ಬಟನ್ನುಗಳ ಹೆಸರು ಬೇರೆ ಇರಬಹುದು, ಆದರೆ ಕೆಲಸದ ಕ್ರಮ ಇದೇ.

ಉದಾಹರಣೆಗೆ ಒಂದು ಹೊಂಡ ಇಟ್ಟುಕೊಳ್ಳೋಣ. ಮೂರು ಮನೆಯವರು ಹಂಚಿಕೊಂಡ ಹೊಂಡ. ಸೆನ್ಸರ್ ಇರುವುದು ತಳದಿಂದ 300 ಸೆಂಟಿಮೀಟರ್ ಮೇಲೆ. ಫುಟ್‌ವಾಲ್ವ್ ತಳದಿಂದ 40 ಸೆಂಟಿಮೀಟರ್ ಮೇಲೆ. ನೀರು 60ಕ್ಕೆ ಇಳಿದರೆ ಮೋಟರ್ ನಿಲ್ಲಬೇಕು, ಮತ್ತೆ 80 ಆಗುವವರೆಗೆ ಶುರುವಾಗಬಾರದು. ಈ ಎರಡು ಅಂಕಿಗಳ ನಡುವೆ ಅಂತರ ಬೇಕೇ ಬೇಕು. ಎರಡೂ ಒಂದೇ ಇದ್ದರೆ ನೀರು ಅಲುಗಿದಾಗೆಲ್ಲ ಸ್ಟಾರ್ಟರ್ ಟಕ್ ಟಕ್ ಎಂದು ಬಿದ್ದು ಎದ್ದು ಸುಟ್ಟುಹೋಗುತ್ತದೆ.

## ಮೊದಲು ಕೈಯಲ್ಲಿ ಇರಬೇಕಾದವು

ಒಂದು ಲ್ಯಾಪ್‌ಟಾಪ್. ಫೋನಿನಲ್ಲೂ ಆಗುತ್ತದೆ, ಆದರೆ ಉದ್ದದ ಟೋಕನ್ (ಲಾಗಿನ್ ಆದ ಗುರುತಾಗಿ ಸಿಗುವ ಅಕ್ಷರಗಳ ಸಾಲು) ಕಾಪಿ ಮಾಡುವಾಗ ಒಂದು ಅಕ್ಷರ ಬಿಟ್ಟುಹೋಗಿ ಅರ್ಧ ದಿನ ಹಾಳಾಗುತ್ತದೆ.

ಥಿಂಗ್ಸ್‌ಬೋರ್ಡಿನ ಯೂಸರ್ ಹೆಸರು, ಪಾಸ್‌ವರ್ಡ್. ಸ್ವಂತ ಸರ್ವರ್ ಹಾಕಿಕೊಂಡವರು ಅದರ ಜೊತೆ ಬರುವ ಡೆಮೊ ಖಾತೆಗಳ ಪಾಸ್‌ವರ್ಡನ್ನು ಈಗಲೇ ಬದಲಾಯಿಸಿ. ಆ ಪಾಸ್‌ವರ್ಡ್ ಅವರ ದಾಖಲೆ ಪುಟದಲ್ಲೇ ಅಚ್ಚಾಗಿದೆ, ಯಾರು ಬೇಕಾದರೂ ಓದಬಹುದು.

ಒಂದು ನೋಟ್‌ಬುಕ್, ಒಂದು ಪೆನ್ನು. ಅಂಕಿ, ಅದರ ಅಳತೆ, ಅದು ಎಲ್ಲಿಂದ ಬಂತು, ಯಾವಾಗ ಬದಲಾಯಿತು, ಈ ನಾಲ್ಕನ್ನೂ ಬರೆದುಕೊಳ್ಳುತ್ತಾ ಹೋಗಬೇಕು. ಬರೀ ಅಂಕಿ ಬರೆದಿಟ್ಟರೆ ಏನೂ ಪ್ರಯೋಜನವಿಲ್ಲ.

ಪೋಸ್ಟ್‌ಮ್ಯಾನ್, ಪೈಥಾನ್ ಎಲ್ಲ ಆಮೇಲೆ. ಮೊದಲ ಸಲಕ್ಕೆ ಬ್ರೌಸರ್ ಸಾಕು.

## 1. ಮಿತಿ ಯಾವ ಜಾಗದಲ್ಲಿ ಬರೆದಿದೆ ಎಂದು ಪತ್ತೆಮಾಡಿ

ಬಹಳ ಜನ ಈ ಹಂತವನ್ನೇ ಬಿಟ್ಟು ನೇರ ಎಪಿಐಗೆ ಹಾರುತ್ತಾರೆ. ಅಲ್ಲೇ ದಾರಿ ತಪ್ಪುವುದು.

ಥಿಂಗ್ಸ್‌ಬೋರ್ಡಿನಲ್ಲಿ ಒಂದು ಡಿವೈಸಿನ ಸೆಟ್ಟಿಂಗ್‌ಗಳನ್ನು ಆಟ್ರಿಬ್ಯೂಟ್ ಎನ್ನುತ್ತಾರೆ. ಅವು ಮೂರು ಬೇರೆ ಬೇರೆ ಸ್ಕೋಪಿನಲ್ಲಿ ಇರುತ್ತವೆ. ಮನೆಯ ಮೂರು ಪೆಟ್ಟಿಗೆ ಅಂದುಕೊಳ್ಳಿ.

ಸರ್ವರ್ ಸ್ಕೋಪ್ ಎಂಬ ಪೆಟ್ಟಿಗೆ ಸರ್ವರಿಗೆ ಮಾತ್ರ. ಹೊಂಡದ ಹತ್ತಿರ ಇದ್ದು ಮೋಟರ್ ನಡೆಸುವ ಬೋರ್ಡ್, ಅಂದರೆ ಕಂಟ್ರೋಲರ್, ಇದನ್ನು ನೋಡಲಾರದು. ಶೇರ್ಡ್ ಸ್ಕೋಪಿನಲ್ಲಿ ನಾವು ಬರೆಯುತ್ತೇವೆ, ಕಂಟ್ರೋಲರ್ ಓದುತ್ತದೆ. ಕ್ಲೈಂಟ್ ಸ್ಕೋಪಿನಲ್ಲಿ ಕಂಟ್ರೋಲರ್ ಬರೆಯುತ್ತದೆ, ನಾವು ಓದುತ್ತೇವೆ.

ಒಂದೇ ಹೆಸರಿನ ಮಿತಿ ಮೂರೂ ಪೆಟ್ಟಿಗೆಯಲ್ಲಿ ಮೂರು ಬೇರೆ ಅಂಕಿಯೊಂದಿಗೆ ಇರಬಹುದು. ಸಿಸ್ಟಮ್ ಅದನ್ನು ತಪ್ಪು ಎನ್ನುವುದಿಲ್ಲ. ಮಗ ಬೆಂಗಳೂರಿನಿಂದ ಸರ್ವರ್ ಸ್ಕೋಪಿನಲ್ಲಿ 60 ಎಂದು ಬರೆದಿರುತ್ತಾನೆ, ಕಂಟ್ರೋಲರ್ ಶೇರ್ಡ್ ಸ್ಕೋಪಿನ 20 ಓದಿಕೊಂಡು ಓಡುತ್ತಿರುತ್ತದೆ.

ನಾಲ್ಕನೆಯ ಜಾಗವೂ ಒಂದಿದೆ. ಥಿಂಗ್ಸ್‌ಬೋರ್ಡಿನ 3ನೇ ಸಾಲಿನ (3.x) ಆವೃತ್ತಿಗಳಲ್ಲಿ ಡಿವೈಸ್ ಪ್ರೊಫೈಲಿನ (ಒಂದೇ ಬಗೆಯ ಡಿವೈಸುಗಳಿಗೆ ಒಟ್ಟಾಗಿ ಇಡುವ ಸೆಟ್ಟಿಂಗ್) ಅಲಾರಂ ನಿಯಮದ ಒಳಗೇ ಮಿತಿಯನ್ನು ಬರೆಯಬಹುದು. ಹಾಗೆ ಬರೆದಿದ್ದರೆ ಆಟ್ರಿಬ್ಯೂಟ್ ಎಷ್ಟು ಬದಲಾಯಿಸಿದರೂ ಅಲಾರಂ ಹಳೆಯ ಅಂಕಿಗೇ ಹೊಡೆದುಕೊಳ್ಳುತ್ತದೆ. ನಿಯಮದಲ್ಲಿ ‘ಡೈನಾಮಿಕ್ ವ್ಯಾಲ್ಯೂ’ ಆಯ್ಕೆ ಹಾಕಿದ್ದರೆ ಮಾತ್ರ ಅದು ಆಟ್ರಿಬ್ಯೂಟನ್ನು ನೋಡುತ್ತದೆ. ಆಗಲೂ ಆ ಹೆಸರಿನ ಆಟ್ರಿಬ್ಯೂಟ್ ಸಿಗದಿದ್ದರೆ ಪಕ್ಕದಲ್ಲಿ ಬರೆದ ಡೀಫಾಲ್ಟ್ ಅಂಕಿ ಹಿಡಿದುಕೊಳ್ಳುತ್ತದೆ. ಸುಮ್ನೆ, ಯಾರಿಗೂ ಹೇಳದೆ.

ಆದ್ದರಿಂದ ಮೊದಲು ಡ್ಯಾಶ್‌ಬೋರ್ಡ್ ಬಿಟ್ಟು ಡಿವೈಸ್ ಪುಟ ತೆರೆಯಿರಿ. ಆಟ್ರಿಬ್ಯೂಟ್ಸ್ ಟ್ಯಾಬಿನಲ್ಲಿ ಮೂರೂ ಸ್ಕೋಪನ್ನು ಒಂದೊಂದಾಗಿ ಆರಿಸಿ ನೋಡಿ. ಆಮೇಲೆ ಪ್ರೊಫೈಲಿನ ಅಲಾರಂ ನಿಯಮ ನೋಡಿ. ಎಲ್ಲಿ ಏನಿದೆ ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಎಪಿಐಯಿಂದ ಬರುವ ಉತ್ತರವನ್ನು ಮುಂದೆ ಇದಕ್ಕೇ ಹೋಲಿಸಬೇಕು.

## 2. ಲಾಗಿನ್ ಆಗಿ ಟೋಕನ್ ಪಡೆಯಿರಿ

ನಿಮ್ಮ ಸರ್ವರ್ ವಿಳಾಸದ ಕೊನೆಗೆ ಒಂದು ಓರೆಗೀಟು ಹಾಕಿ, ಇಂಗ್ಲಿಷಿನ ಸಣ್ಣಕ್ಷರದಲ್ಲಿ ‘ಸ್ವಾಗರ್’, ಒಂದು ಹೈಫನ್, ‘ಯುಐ’ (swagger-ui) ಎಂದು ಟೈಪ್ ಮಾಡಿ. ಎಪಿಐಯ ಪೂರ್ತಿ ಪಟ್ಟಿ ಇರುವ ಪುಟ ತೆರೆದುಕೊಳ್ಳುತ್ತದೆ. ಆ ಪುಟದಲ್ಲಿರುವ ‘ಆಥರೈಸ್’ ಬಟನ್ ಒತ್ತಿ ಯೂಸರ್ ಹೆಸರು, ಪಾಸ್‌ವರ್ಡ್ ಕೊಡಿ.

ಈ ಪುಟವನ್ನು ನಾನು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಇಲ್ಲಿ ಯಾವ ಕೋರಿಕೆಯನ್ನು ಓಡಿಸಿದರೂ ಅದರ ಪೂರ್ತಿ ವಿಳಾಸ ಮತ್ತು ಕರ್ಲ್ ಆಜ್ಞೆ (ಅದೇ ಕೋರಿಕೆಯನ್ನು ಕಂಪ್ಯೂಟರಿನ ಕಮಾಂಡ್ ಸಾಲಿನಿಂದ ಕಳಿಸುವ ಸಾಲು) ಕೆಳಗೆ ಸಿದ್ಧವಾಗಿ ಕಾಣುತ್ತದೆ. ಅದನ್ನು ಹಾಗೇ ಕಾಪಿ ಮಾಡಿ. ಕೈಯಲ್ಲಿ ಟೈಪ್ ಮಾಡಿದ ವಿಳಾಸದಲ್ಲಿ ಒಂದು ಓರೆಗೀಟು ಜಾಸ್ತಿಯಾದರೂ ಕೆಲಸ ಕೆಡುತ್ತದೆ.

ಮುಂದೆ ಸ್ಕ್ರಿಪ್ಟ್ ಬರೆಯುವವರು ಲಾಗಿನ್ ಕೋರಿಕೆಯನ್ನು ಪೋಸ್ಟ್ (ಸರ್ವರಿಗೆ ಮಾಹಿತಿ ಕಳಿಸುವ) ವಿಧಾನದಲ್ಲಿ ಕಳಿಸಬೇಕು. ಉತ್ತರದಲ್ಲಿ ಎರಡು ಟೋಕನ್ ಬರುತ್ತವೆ. ಮೊದಲನೆಯದು ಕೆಲಸದ ಟೋಕನ್. ಸೆಟ್ಟಿಂಗ್ ಬದಲಾಯಿಸದಿದ್ದರೆ ಅದರ ಆಯಸ್ಸು 9000 ಸೆಕೆಂಡು, ಅಂದರೆ ಎರಡೂವರೆ ಗಂಟೆ. ಎರಡನೆಯದು ರಿಫ್ರೆಶ್ ಟೋಕನ್, ಅದು ಒಂದು ವಾರ ಬಾಳುತ್ತದೆ. ಅದನ್ನು ಕೊಟ್ಟು ಹೊಸ ಕೆಲಸದ ಟೋಕನ್ ಪಡೆಯಬಹುದು.

ಬೆಳಿಗ್ಗೆ ಚೆನ್ನಾಗಿ ಓಡಿದ ಸ್ಕ್ರಿಪ್ಟ್ ಮಧ್ಯಾಹ್ನ ಊಟ ಮಾಡಿ ಬರುವಷ್ಟರಲ್ಲಿ 401 (ನಿನ್ನ ಗುರುತು ಒಪ್ಪಲಾರೆ ಎಂಬ ಸಂಕೇತ) ಎನ್ನುತ್ತದೆಯೇ? ಟೋಕನ್ನಿನ ಆಯಸ್ಸು ಮುಗಿದಿದೆ, ಅಷ್ಟೇ. ಪಾಸ್‌ವರ್ಡ್ ಬದಲಾಯಿಸಲು ಹೋಗಬೇಡಿ.

ಟೋಕನ್ ಕಳಿಸುವ ಹೆಡರಿನ (ಕೋರಿಕೆಯ ಜೊತೆ ಹೋಗುವ ಗುರುತಿನ ಸಾಲು) ಹೆಸರು ‘ಎಕ್ಸ್-ಆಥರೈಸೇಶನ್’ (X-Authorization). ಅದರ ಬೆಲೆಯಲ್ಲಿ (ವ್ಯಾಲ್ಯೂ) ಮೊದಲು ‘ಬೇರರ್’ (Bearer) ಎಂಬ ಪದ, ಆಮೇಲೆ ಒಂದೇ ಒಂದು ಖಾಲಿ ಜಾಗ (ಸ್ಪೇಸ್), ಆಮೇಲೆ ಟೋಕನ್. ಈ ಜಾಗ ಮರೆತು ಪರದಾಡಿದವರನ್ನು ನಾನು ಬಹಳ ನೋಡಿದ್ದೇನೆ.

## 3. ಸರಿಯಾದ ಡಿವೈಸ್ ಐಡಿ ಹಿಡಿಯಿರಿ

ಡಿವೈಸ್ ಪುಟದಲ್ಲಿ ಎರಡು ಕಾಪಿ ಬಟನ್ ಅಕ್ಕಪಕ್ಕ ಇವೆ. ಒಂದು ಡಿವೈಸ್ ಐಡಿಗೆ, ಇನ್ನೊಂದು ಆ್ಯಕ್ಸೆಸ್ ಟೋಕನ್ನಿಗೆ. ಎರಡೂ ನೋಡಲು ಅರ್ಥವಾಗದ ಅಕ್ಷರಗಳ ಸಾಲು, ಅದಕ್ಕೇ ಅದಲುಬದಲಾಗುತ್ತದೆ.

ಗುರುತು ಹಿಡಿಯುವುದು ಸುಲಭ. ಡಿವೈಸ್ ಐಡಿ 36 ಅಕ್ಷರ ಉದ್ದ, ನಡುವೆ ನಾಲ್ಕು ಹೈಫನ್. ತಾನಾಗಿ ಹುಟ್ಟಿದ ಆ್ಯಕ್ಸೆಸ್ ಟೋಕನ್ 20 ಅಕ್ಷರ, ಹೈಫನ್ ಇಲ್ಲ. ನಮಗೆ ಈಗ ಬೇಕಾದದ್ದು ಐಡಿ. ಆ್ಯಕ್ಸೆಸ್ ಟೋಕನ್ ಕಂಟ್ರೋಲರಿನ ಸ್ವಂತ ಕೀಲಿ. ಅದು ಬೇರೆಯವರ ಕೈಗೆ ಸಿಕ್ಕರೆ ಅವರು ನಿಮ್ಮ ಹೊಂಡದ ಹೆಸರಿನಲ್ಲಿ ಸುಳ್ಳು ಮಟ್ಟ ಕಳಿಸಬಹುದು. ಸ್ಕ್ರೀನ್‌ಶಾಟ್ ತೆಗೆದು ಊರಿನ ವಾಟ್ಸ್ಆ್ಯಪ್ ಗುಂಪಿಗೆ ಹಾಕಿ ಸಹಾಯ ಕೇಳುವವರು ಇದನ್ನು ದಯವಿಟ್ಟು ಮುಚ್ಚಿ ಹಾಕಿ.

‘ಹೊಂಡ1’ ಎಂದು ನೀವಿಟ್ಟ ಹೆಸರನ್ನು ಐಡಿ ಜಾಗದಲ್ಲಿ ಕೊಟ್ಟರೆ ಕೆಲಸ ಆಗುವುದಿಲ್ಲ.

## 4. ಮೊದಲು ಹೆಸರುಗಳನ್ನು ತರಿಸಿ, ಆಮೇಲೆ ಅಂಕಿಗಳನ್ನು

ಸ್ವಾಗರ್ ಪುಟದಲ್ಲಿ ‘ಟೆಲಿಮೆಟ್ರಿ ಕಂಟ್ರೋಲರ್’ ಎಂಬ ಗುಂಪು ಹುಡುಕಿ. ಅದರಲ್ಲಿ ಸ್ಕೋಪಿನ ಪ್ರಕಾರ ಆಟ್ರಿಬ್ಯೂಟ್ ಹೆಸರುಗಳ ಪಟ್ಟಿ ಕೊಡುವ ಗೆಟ್ (ಮಾಹಿತಿ ಓದುವ) ಕೋರಿಕೆ ಒಂದಿದೆ. ‘ಟ್ರೈ ಇಟ್ ಔಟ್’ ಒತ್ತಿ. ಎಂಟಿಟಿ ಟೈಪ್ ಎಂದಲ್ಲಿ ‘ಡಿವೈಸ್’ ಎಂದು ಇಂಗ್ಲಿಷಿನ ದೊಡ್ಡಕ್ಷರದಲ್ಲಿ ಬರೆಯಿರಿ. ಐಡಿ ಅಂಟಿಸಿ. ಸ್ಕೋಪ್ ಆರಿಸಿ. ‘ಎಕ್ಸಿಕ್ಯೂಟ್’ ಒತ್ತಿ.

ಇದನ್ನು ಮೂರೂ ಸ್ಕೋಪಿಗೆ ಒಂದೊಂದು ಸಲ ಮಾಡಿ.

ಹೆಸರು ಮೊದಲು ಏಕೆ? ಅಂಕಿ ಕೇಳುವಾಗ ಹೆಸರು ಒಂದಕ್ಷರ ತಪ್ಪಿದರೂ ಸಿಸ್ಟಮ್ ತಪ್ಪು ಎಂದು ಹೇಳುವುದಿಲ್ಲ. 200 ಎಂದು ಹೇಳಿ ಖಾಲಿ ಪಟ್ಟಿ ಕೊಡುತ್ತದೆ. 200 ಅಂದರೆ ಎಲ್ಲ ಸರಿ ಎಂದಲ್ಲವೇ ನಾವು ಓದಿಕೊಂಡಿದ್ದು? ಇಲ್ಲಿ ಅದರ ಅರ್ಥ ‘ನಿನ್ನ ಪ್ರಶ್ನೆ ತಲುಪಿತು, ಆ ಹೆಸರಿನದ್ದು ಈ ಪೆಟ್ಟಿಗೆಯಲ್ಲಿ ಏನೂ ಇಲ್ಲ’ ಎಂದಷ್ಟೇ. ದೊಡ್ಡಕ್ಷರ, ಸಣ್ಣಕ್ಷರ ಬೇರೆಯಾದರೂ ಹೀಗೇ. ಸ್ಕೋಪ್ ತಪ್ಪಿದರೂ ಹೀಗೇ.

ಇನ್ನೂ ಕೆಟ್ಟದ್ದೆಂದರೆ, ಆ ಖಾಲಿ ಉತ್ತರವನ್ನು ಸ್ಕ್ರಿಪ್ಟ್ ‘0’ ಎಂದು ಎತ್ತಿಕೊಳ್ಳುವುದು. ಮಿತಿ ಸೊನ್ನೆ ಎಂದಾದರೆ ಹೊಂಡದ ಕೆಸರು ಕಂಡರೂ ಮೋಟರ್ ನಿಲ್ಲುವುದಿಲ್ಲ. ಖಾಲಿ ಬಂದರೆ ಸ್ಕ್ರಿಪ್ಟ್ ಅಲ್ಲೇ ನಿಂತು ಕೂಗಬೇಕು. ತಾನೇ ಒಂದು ಅಂಕಿ ಊಹಿಸಬಾರದು.

## 5. ಅಂಕಿ ತರಿಸಿ, ಉತ್ತರವನ್ನು ಪೂರ್ತಿ ಓದಿ

ಅದೇ ಗುಂಪಿನಲ್ಲಿ ಸ್ಕೋಪಿನ ಪ್ರಕಾರ ಆಟ್ರಿಬ್ಯೂಟ್ ಬೆಲೆ ಕೊಡುವ ಗೆಟ್ ಕೋರಿಕೆ ಇದೆ. ಹೆಸರುಗಳನ್ನು ಮೇಲಿನ ಪಟ್ಟಿಯಿಂದ ಕಾಪಿ ಮಾಡಿ, ನಡುವೆ ಅಲ್ಪವಿರಾಮ ಹಾಕಿ, ಜಾಗ ಬಿಡಬೇಡಿ. ಉತ್ತರ ಜೇಸನ್ (ಹೆಸರು, ಬೆಲೆಗಳನ್ನು ಜೋಡಿಸಿ ಬರೆಯುವ ಪಠ್ಯ) ರೂಪದಲ್ಲಿ ಬರುತ್ತದೆ. ಒಂದೊಂದು ಮಿತಿಗೂ ಮೂರು ಸಂಗತಿ: ಹೆಸರು, ಬೆಲೆ, ಕೊನೆಯ ಸಲ ಬದಲಾದ ಸಮಯ.

ಬೆಲೆಯ ಸುತ್ತ ಉದ್ಧರಣ ಚಿಹ್ನೆ ಇದೆಯೇ ನೋಡಿ. ಇದ್ದರೆ ಅದು ಸಂಖ್ಯೆಯಲ್ಲ, ಪಠ್ಯ. ಮಿತಿ ಬರೆಯುವಾಗ ಟೈಪ್ ಎಂಬಲ್ಲಿ ‘ಸ್ಟ್ರಿಂಗ್’ ಹಾಗೇ ಬಿಟ್ಟಿದ್ದರೆ ಹೀಗಾಗುತ್ತದೆ. ಪಠ್ಯವಾಗಿ ಹೋಲಿಸಿದರೆ 9 ಎಂಬುದು 60ಕ್ಕಿಂತ ದೊಡ್ಡದು, ಏಕೆಂದರೆ ಹೋಲಿಕೆ ಎಡದಿಂದ ಒಂದೊಂದೇ ಅಕ್ಷರವಾಗಿ ನಡೆಯುತ್ತದೆ, ಮೊದಲ ಅಕ್ಷರದಲ್ಲೇ 9 ಎಂಬುದು 6ಕ್ಕಿಂತ ದೊಡ್ಡದು. ಎಲ್ಲ ಅಂಕಿಯೂ ಎರಡಂಕಿಯದ್ದಾಗಿರುವವರೆಗೆ ಸರಿಯಾಗಿಯೇ ನಡೆಯುತ್ತದೆ. ಮಟ್ಟ ಒಂದಂಕಿಗೆ ಇಳಿದ ದಿನ, ಇಲ್ಲವೇ ಮಳೆಗಾಲಕ್ಕೆ ಮೂರಂಕಿಗೆ ಏರಿದ ದಿನ ಗೊತ್ತಾಗುತ್ತದೆ. ಆ ಆಟ್ರಿಬ್ಯೂಟನ್ನು ಅಳಿಸಿ, ಇಂಟೀಜರ್ (ಪೂರ್ಣ ಸಂಖ್ಯೆ) ಅಥವಾ ಡಬಲ್ (ದಶಮಾಂಶ ಸಂಖ್ಯೆ) ಎಂದು ಹೊಸದಾಗಿ ಬರೆಯಿರಿ.

ಆಮೇಲೆ ಅಳತೆ. ಉತ್ತರದಲ್ಲಿ ಸೆಂಟಿಮೀಟರೋ, ಶೇಕಡವೋ ಎಂದು ಎಲ್ಲೂ ಇರುವುದಿಲ್ಲ. 60 ಎಂಬುದು 60 ಸೆಂಟಿಮೀಟರ್ ಆಗಬಹುದು, ಹೊಂಡದ ನೂರಕ್ಕೆ 60 ಭಾಗವೂ ಆಗಬಹುದು. ಅಲ್ಟ್ರಾಸಾನಿಕ್ ಸೆನ್ಸರ್ ಹಾಕಿದವರಿಗೆ ಇನ್ನೊಂದು ಸುಳಿ ಇದೆ. ಅದು ಅಳೆಯುವುದು ನೀರಿನ ಆಳವನ್ನಲ್ಲ, ಸೆನ್ಸರಿನಿಂದ ನೀರಿನ ಮೇಲ್ಮೈಗೆ ಇರುವ ದೂರವನ್ನು. ನಮ್ಮ ಉದಾಹರಣೆಯಲ್ಲಿ 60 ಸೆಂಟಿಮೀಟರ್ ನೀರು ಉಳಿದಾಗ ಸೆನ್ಸರ್ ಹೇಳುವುದು 240. ನೀರು ಕಡಿಮೆಯಾದಷ್ಟೂ ಅಂಕಿ ಜಾಸ್ತಿ. ಮಿತಿಯನ್ನು ಆಳದಲ್ಲಿ ಬರೆದು ದೂರಕ್ಕೆ ಹೋಲಿಸಿದರೆ ಮೋಟರ್ ತುಂಬಿದ ಹೊಂಡದಲ್ಲಿ ನಿಲ್ಲುತ್ತದೆ, ಬತ್ತಿದ ಹೊಂಡದಲ್ಲಿ ಓಡುತ್ತದೆ.

ನಾನು ಆಟ್ರಿಬ್ಯೂಟಿನ ಹೆಸರಿನಲ್ಲೇ ಅಳತೆ ಸೇರಿಸುತ್ತೇನೆ. ‘ಮಿನ್ ಲೆವೆಲ್’ ಎಂದಿಡುವ ಬದಲು ‘ಮಿನ್ ಡೆಪ್ತ್ ಸಿಎಂ’ ಎಂದು ಇಂಗ್ಲಿಷಿನಲ್ಲಿ ಕೂಡಿಸಿ ಬರೆದರೆ ಎರಡು ವರ್ಷ ಬಿಟ್ಟು ನೋಡುವವರಿಗೂ ಗೊಂದಲವಿಲ್ಲ.

ಇನ್ನು ಸಮಯ. ಅದು 13 ಅಂಕಿಯ ಉದ್ದ ಸಂಖ್ಯೆ, 1970ರ ಜನವರಿ 1ರಿಂದ ಎಣಿಸಿದ ಮಿಲಿಸೆಕೆಂಡು, ಅದೂ ಯುಟಿಸಿ (ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದಿರುವ ವಿಶ್ವ ಸಮಯ) ಲೆಕ್ಕದಲ್ಲಿ. ಗೂಗಲ್ ಶೀಟ್ಸ್ ಬಳಸುವವರು ಆ ಸಂಖ್ಯೆಯನ್ನು 86400000ರಿಂದ ಭಾಗಿಸಿ, 25569 ಕೂಡಿಸಿ, ನಮ್ಮ ಐದೂವರೆ ಗಂಟೆಗಾಗಿ 5.5ನ್ನು 24ರಿಂದ ಭಾಗಿಸಿ ಬಂದದ್ದನ್ನು ಸೇರಿಸಿ, ಆ ಕೋಶವನ್ನು ದಿನಾಂಕ ರೂಪಕ್ಕೆ ತನ್ನಿ. ಪರೀಕ್ಷಿಸಲು 1767225600000 ಹಾಕಿ. 2026ರ ಜನವರಿ 1, ಬೆಳಿಗ್ಗೆ 5:30 ಎಂದು ಬರಬೇಕು. ಹಿಂದಿನ ಮಧ್ಯರಾತ್ರಿ 12 ಎಂದು ಬಂದರೆ ಐದೂವರೆ ಗಂಟೆ ಸೇರಿಸಲು ಮರೆತಿದ್ದೀರಿ.

## 6. ಹೇಳಿದ ಮಿತಿ ಮತ್ತು ಒಪ್ಪಿಕೊಂಡ ಮಿತಿ ಹೋಲಿಸಿ

ಈ ಇಡೀ ಬರಹ ನಾನು ಬರೆದದ್ದೇ ಈ ಹಂತಕ್ಕಾಗಿ.

ನಮ್ಮ ತೋಟದಲ್ಲೇ ಆದದ್ದು. ಮಾರ್ಚ್ ತಿಂಗಳು, ಅಡಿಕೆಗೆ ನೀರು ಬಿಡುವ ಕಾಲ. ಮಿತಿ 20 ಎಂದು ಇತ್ತು, ಅದು ಫುಟ್‌ವಾಲ್ವಿಗಿಂತ ಕೆಳಗೆ ಎಂದು ಗೊತ್ತಾಗಿ ನಾನೇ 60ಕ್ಕೆ ಏರಿಸಿದೆ. ಆ ಹೊತ್ತಿಗೆ ಹೊಂಡದ ಹತ್ತಿರ ಕರೆಂಟ್ ಇರಲಿಲ್ಲ. ಎಪಿಐಯಿಂದ ಓದಿ ನೋಡಿದೆ, 60 ಎಂದೇ ಬಂತು. ಮಲಗಿದೆ. ರಾತ್ರಿ ತ್ರೀಫೇಸ್ ಬಂತು, ಮೋಟರ್ ಶುರುವಾಯಿತು. ಬೆಳಿಗ್ಗೆ ಚಿಕ್ಕಪ್ಪ ಫೋನ್ ಮಾಡಿ, “ಫೋನಲ್ಲಿ ಅರವತ್ತು ಅಂತ ತೋರಿಸ್ತಿದೆ ಮಾರಾಯಾ, ಇಲ್ಲಿ ಫುಟ್‌ವಾಲ್ವೇ ಕಾಣ್ತಾ ಇದೆ” ಎಂದರು. ಸೀಲ್ ಹೋಗಿತ್ತು. ರಿಪೇರಿ ಆಗಿ ಬರುವವರೆಗೆ ಮೂರು ಮನೆಯ ತೋಟಕ್ಕೂ ನೀರಿಲ್ಲ.

ಕಾರಣ ಸರಳ. ಶೇರ್ಡ್ ಸ್ಕೋಪಿನ ಅಂಕಿ ಬದಲಾದಾಗ ಸರ್ವರ್ ಕಂಟ್ರೋಲರಿಗೆ ಸುದ್ದಿ ಕಳಿಸುತ್ತದೆ. ಆಗ ಕಂಟ್ರೋಲರ್ ಸಂಪರ್ಕದಲ್ಲಿ ಇಲ್ಲದಿದ್ದರೆ ಆ ಸುದ್ದಿ ತಪ್ಪಿಹೋಗುತ್ತದೆ. ಮತ್ತೆ ಎದ್ದ ಮೇಲೆ ಅದು ತಾನಾಗಿ ಕೇಳಿದರೆ ಮಾತ್ರ ಹೊಸ ಅಂಕಿ ಸಿಗುತ್ತದೆ. ನಮ್ಮ ಕಂಟ್ರೋಲರ್ ಕೇಳುತ್ತಿರಲಿಲ್ಲ. ನಾನು ಓದಿದ್ದು ನಾನೇ ಬರೆದ ಅಂಕಿಯನ್ನು. ಕಂಟ್ರೋಲರ್ ಪಾಲಿಸುತ್ತಿದ್ದದ್ದು ಹಳೆಯದನ್ನು. ಮಳೆಗಾಲದಲ್ಲಿ ಮರ ಬಿದ್ದು ದಿನಗಟ್ಟಲೆ ಲೈನ್ ಇಲ್ಲದ ನಮ್ಮ ಕಡೆ ಇದು ಅಪರೂಪದ ಸಂಗತಿಯಲ್ಲ.

ಪರಿಹಾರ ಹೀಗೆ. ಕಂಟ್ರೋಲರ್ ಹೊಸ ಮಿತಿಯನ್ನು ತನ್ನೊಳಗೆ ಹಾಕಿಕೊಂಡ ಕೂಡಲೇ ಅದೇ ಅಂಕಿಯನ್ನು ಕ್ಲೈಂಟ್ ಸ್ಕೋಪಿನಲ್ಲಿ ವಾಪಸ್ ಬರೆಯಬೇಕು. ಹೆಸರು ಬೇರೆ ಇರಲಿ, ಕೊನೆಯಲ್ಲಿ ‘ಆ್ಯಕ್ಟಿವ್’ ಎಂದು ಸೇರಿಸಿ. ನಂತರ ನೀವು ಎಪಿಐಯಿಂದ ಎರಡನ್ನೂ ಓದಿ. ಶೇರ್ಡ್‌ನಲ್ಲಿ 60, ಕ್ಲೈಂಟ್‌ನಲ್ಲೂ 60 ಇದ್ದರೆ ಮಾತ್ರ ಅದು ಜಾರಿಯಲ್ಲಿರುವ ಮಿತಿ. ಜೊತೆಗೆ ಕ್ಲೈಂಟ್‌ನ ಸಮಯ ಶೇರ್ಡ್‌ನ ಸಮಯಕ್ಕಿಂತ ಆಮೇಲಿನದ್ದಾಗಿರಬೇಕು. ಅಂಕಿ ಒಂದೇ ಇದ್ದು ಸಮಯ ಹಿಂದಿನದ್ದಾಗಿದ್ದರೆ, ಮಿತಿಯನ್ನು ಬದಲಾಯಿಸಿ ಮತ್ತೆ ಹಳೆಯದಕ್ಕೇ ತಂದಿರಬಹುದು, ಅಥವಾ ಕಂಟ್ರೋಲರ್ ಮಾತಾಡುವುದನ್ನೇ ನಿಲ್ಲಿಸಿರಬಹುದು. ಎರಡರಲ್ಲೂ ಒಮ್ಮೆ ಹೋಗಿ ನೋಡುವುದು ಒಳ್ಳೆಯದು.

## 7. ಕಂಟ್ರೋಲರ್ ಕಡೆಯ ಓದು

ಕಂಟ್ರೋಲರಿಗೆ ಯೂಸರ್ ಪಾಸ್‌ವರ್ಡ್ ಕೊಡಬೇಡಿ. ಅದಕ್ಕೆ ಬೇರೆ ದಾರಿ ಇದೆ. ಡಿವೈಸ್ ಎಪಿಐಯ ವಿಳಾಸದಲ್ಲೇ ಆ್ಯಕ್ಸೆಸ್ ಟೋಕನ್ ಸೇರಿಸಿ, ಶೇರ್ಡ್ ಹೆಸರುಗಳ ಪಟ್ಟಿ ಕೊಟ್ಟು ಗೆಟ್ ಕೋರಿಕೆ ಕಳಿಸಿದರೆ ಸಾಕು. ಲಾಗಿನ್ ಬೇಡ. ಉತ್ತರದಲ್ಲಿ ಕ್ಲೈಂಟ್ ಮತ್ತು ಶೇರ್ಡ್ ಎಂಬ ಎರಡು ಭಾಗ ಮಾತ್ರ ಇರುತ್ತದೆ. ಸರ್ವರ್ ಸ್ಕೋಪಿನದ್ದು ಇಲ್ಲಿ ಏನು ಮಾಡಿದರೂ ಬರುವುದಿಲ್ಲ.

ಕೇಳುವ ಹೊತ್ತು ಮುಖ್ಯ. ಕರೆಂಟ್ ಬಂದು ಬೋರ್ಡ್ ಎದ್ದಾಗ, ನೆಟ್‌ವರ್ಕ್ ಹೋಗಿ ಬಂದಾಗ, ಮತ್ತು ಮೋಟರ್ ಶುರು ಮಾಡುವ ಮುಂಚೆ ಪ್ರತಿ ಸಲ. ಉತ್ತರ ಬರದಿದ್ದರೆ ಕೊನೆಯ ಸಲ ಉಳಿಸಿಟ್ಟ ಮಿತಿ ಬಳಸಲಿ. ಉಳಿಸಿಟ್ಟದ್ದೂ ಇಲ್ಲದಿದ್ದರೆ ಮೋಟರ್ ಶುರುವಾಗುವುದೇ ಬೇಡ. ಒಂದು ರಾತ್ರಿ ನೀರು ತಪ್ಪಿದರೆ ತೋಟ ಒಣಗುವುದಿಲ್ಲ.

ಅಂಕಿಯನ್ನು ಕಣ್ಣುಮುಚ್ಚಿ ನಂಬದಂತೆ ಒಂದು ಬೇಲಿಯೂ ಇರಲಿ. ನಮ್ಮ ಉದಾಹರಣೆಯಲ್ಲಿ ಫುಟ್‌ವಾಲ್ವ್ 40ರಲ್ಲಿದೆ. ಹಾಗಾಗಿ 45ಕ್ಕಿಂತ ಕಡಿಮೆಯ ಮಿತಿ ಎಲ್ಲಿಂದ ಬಂದರೂ ಕಂಟ್ರೋಲರ್ ಒಪ್ಪಬಾರದು.

## 8. ಎಚ್ಚರಿಕೆಯ ಗುರುತುಗಳು

400 ಬಂದರೆ ಐಡಿ ನೋಡಿ, ಅಲ್ಲಿ ಹೆಸರೋ ಆ್ಯಕ್ಸೆಸ್ ಟೋಕನ್ನೋ ಅಂಟಿಸಿರುತ್ತೀರಿ. 401 ಟೋಕನ್ನಿನದ್ದು. 403 ಬಂದರೆ ಟೋಕನ್ ಸರಿಯಿದೆ, ಆ ಯೂಸರಿಗೆ ಆ ಡಿವೈಸ್ ನೋಡುವ ಹಕ್ಕಿಲ್ಲ. ಕಸ್ಟಮರ್ ಯೂಸರ್ ಆಗಿ ಬಂದವರಿಗೆ ಅವರ ಹೆಸರಿಗೆ ಹಚ್ಚಿದ ಡಿವೈಸ್ ಮಾತ್ರ ಕಾಣುತ್ತದೆ. 404 ಬಂದರೆ ಐಡಿ ಬೇರೆ ಸರ್ವರಿನದ್ದು ಅಥವಾ ಡಿವೈಸನ್ನು ಯಾರೋ ಅಳಿಸಿದ್ದಾರೆ.

ಅಂಕಿಗಳಲ್ಲೂ ಗುರುತುಗಳಿವೆ. ಮಟ್ಟ ಗಂಟೆಗಟ್ಟಲೆ ಒಂದು ಸೆಂಟಿಮೀಟರೂ ಕದಲದಿದ್ದರೆ ಸೆನ್ಸರ್ ಮುಂದೆ ಜೇಡರ ಬಲೆಯೋ ಎಲೆಯೋ ಸಿಕ್ಕಿರಬಹುದು. ಹೊಂಡ ತುಂಬಿದಾಗ ಅಂಕಿ ಹುಚ್ಚುಚ್ಚಾಗಿ ಕುಣಿದರೆ ನೀರು ಸೆನ್ಸರಿನ ತೀರಾ ಹತ್ತಿರ ಬಂದಿದೆ. ನಾವು ಬಳಸುವ ನೀರುನಿರೋಧಕ ಸೆನ್ಸರುಗಳು ಸುಮಾರು 20ರಿಂದ 25 ಸೆಂಟಿಮೀಟರ್ ಒಳಗಿನ ದೂರ ಅಳೆಯಲಾರವು. ಮಿತಿಯನ್ನು ಎಷ್ಟು ಸರಿಯಾಗಿ ಓದಿದರೂ ಹೋಲಿಸುವ ಮಟ್ಟವೇ ಸುಳ್ಳಾದರೆ ಫಲವಿಲ್ಲ.

## 9. ಹೊಂಡದ ಹತ್ತಿರ ನಿಂತು ಪರೀಕ್ಷಿಸಿ

ಇದಕ್ಕೆ ಇಬ್ಬರು ಬೇಕು. ಒಬ್ಬರು ಲ್ಯಾಪ್‌ಟಾಪ್ ಮುಂದೆ, ಒಬ್ಬರು ಹೊಂಡದ ದಡದಲ್ಲಿ ಅಳತೆ ಕೋಲು ಹಿಡಿದು. ಹೊಂಡದ ಹತ್ತಿರ ಸಿಗ್ನಲ್ ಇಲ್ಲದಿದ್ದರೆ ನಡುವೆ ಕೂಗು ತಲುಪಿಸಲು ಮೂರನೆಯವರೂ ಬೇಕಾಗುತ್ತಾರೆ. ಹಗಲಿನಲ್ಲೇ ಮಾಡಿ, ಸ್ಟಾರ್ಟರ್ ಪೆಟ್ಟಿಗೆಗೆ ಒದ್ದೆ ಕೈ ಹಾಕಬೇಡಿ.

ಮೊದಲು ಕೋಲಿನಿಂದ ನೀರಿನ ಆಳ ಅಳೆಯಿರಿ. ಹೊಂಡದಲ್ಲಿ 150 ಇದೆ ಎಂದುಕೊಳ್ಳಿ. ಫೋನಿನ ಮಟ್ಟವೂ ಅಷ್ಟೇ ಹೇಳಬೇಕು. ಈಗ ಮೋಟರ್ ಓಡುತ್ತಿರುವಾಗ ನಿಲ್ಲುವ ಮಿತಿಯನ್ನು ಶೇರ್ಡ್ ಸ್ಕೋಪಿನಲ್ಲಿ 160ಕ್ಕೆ, ಶುರುವಾಗುವ ಮಿತಿಯನ್ನು 180ಕ್ಕೆ ಏರಿಸಿ. ಮೋಟರ್ ನಿಲ್ಲಬೇಕು. ಕ್ಲೈಂಟ್ ಸ್ಕೋಪ್ ಓದಿ, 160 ಮತ್ತು 180 ಬಂದಿರಬೇಕು.

ಆಮೇಲೆ ಮುಖ್ಯವಾದದ್ದು. ಕಂಟ್ರೋಲರಿನ ಕರೆಂಟ್ ತೆಗೆಯಿರಿ. ತೆಗೆದಿರುವಾಗಲೇ ಮಿತಿಗಳನ್ನು 60 ಮತ್ತು 80ಕ್ಕೆ ವಾಪಸ್ ತನ್ನಿ. ಐದು ನಿಮಿಷ ಕಾದು ಕರೆಂಟ್ ಕೊಡಿ. ಬೋರ್ಡ್ ಎದ್ದು ಕ್ಲೈಂಟ್ ಸ್ಕೋಪಿನಲ್ಲಿ 60 ಮತ್ತು 80 ಎಂದು ತಾನಾಗಿ ಬರೆಯುವವರೆಗೆ ದಡದಿಂದ ಕದಲಬೇಡಿ. ಅಲ್ಲಿ ಇನ್ನೂ 160 ಎಂದೇ ಇದ್ದರೆ 7ನೇ ಹಂತಕ್ಕೆ ವಾಪಸ್ ಹೋಗಿ, ಅಲ್ಲಿಯವರೆಗೆ ರಾತ್ರಿಯ ಮೋಟರನ್ನು ಆಟೋದಿಂದ ಕೈಗೆ (ಮ್ಯಾನ್ಯುಯಲ್) ಹಾಕಿಡಿ.